ಗ್ರೇಡ್ ಕೇಳಬೇಡಿ, ಹೊಸ ಪುಟ ತೆರೆದು ನೋಡಿ

ಜೂನ್ ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ಮುಂಬೈಯಲ್ಲಿ ಶಾಲೆ ಶುರುವಾಗುವ ಹೊತ್ತು ಅದು. ಮುಲುಂಡ್, ಗೋರೆಗಾಂವ್, ಡೊಂಬಿವಲಿ ಕಡೆಯ ನಮ್ಮ ಕನ್ನಡದ ಮನೆಗಳಿಂದ ಪಿಯಾನೋ ಕ್ಲಾಸಿಗೆಂದು ವಿಚಾರಿಸುವವರು ಮೊದಲು ಕೇಳುವುದು ಬಹುತೇಕ ಒಂದೇ. "ಮೇಡಂ, ವರ್ಷಕ್ಕೊಂದು ಗ್ರೇಡ್ ಮುಗಿಸ್ತೀರಾ?" ಗ್ರೇಡ್ ಅಂದರೆ ಪಾಶ್ಚಾತ್ಯ ಸಂಗೀತದ ಪರೀಕ್ಷೆಯ ಹಂತ, ಒಂದರಿಂದ ಎಂಟರವರೆಗೆ. ಟೀಚರ್ ಬದಲಾಯಿಸುವವರಾದರೆ, "ಇವಳದ್ದು ಗ್ರೇಡ್ ಮೂರು ಆಗಿದೆ, ಡಿಸ್ಟಿಂಕ್ಷನ್. ನಾಲ್ಕಕ್ಕೆ ತಗೊಳ್ತೀರಾ?"

ಮಗುವನ್ನು ಕರೆದುಕೊಂಡು ಬನ್ನಿ ಅನ್ನುತ್ತೇನೆ. ಬಂದ ಮಗು ಪರೀಕ್ಷೆಯ ಪೀಸ್ ನುಡಿಸುತ್ತದೆ. ಚೆನ್ನಾಗಿಯೇ ಇರುತ್ತದೆ. ಆಮೇಲೆ ನಾನು ಬೇರೊಂದು ಪುಸ್ತಕ ತೆಗೆದು, ಗ್ರೇಡ್ ಒಂದಕ್ಕಿಂತಲೂ ಸುಲಭವಾದ, ಅದು ಎಂದೂ ನೋಡಿರದ ಎಂಟು ಬಾರ್‌ಗಳ, ಅಂದರೆ ಎಂಟು ತಾಳಾವರ್ತದ, ಒಂದು ಟ್ಯೂನ್ ಮುಂದಿಡುತ್ತೇನೆ. ಕಳೆದ ವರ್ಷ ಹೀಗೆ ಬಂದ ಒಬ್ಬ ಹುಡುಗಿ ತೋರುಬೆರಳಿನಿಂದ ಕೆಳಗಿನ ಗೆರೆ ಮುಟ್ಟಿ ಈ, ಜಿ, ಬಿ ಎಂದು ಸ್ವರಗಳ ಹೆಸರು ಎಣಿಸುತ್ತಾ ಹೋದಳು. ಮೊದಲ ಸ್ವರ ಸಿಕ್ಕಿತು. ಎರಡನೆಯದಕ್ಕೆ ಮತ್ತೆ ಕೆಳಗಿನಿಂದ ಎಣಿಕೆ. ಎಡಗೈ ಮಡಿಲಲ್ಲೇ ಉಳಿಯಿತು. ಅವಳ ಹಳೆಯ ಪುಸ್ತಕ ತೆರೆದೆ. ಪ್ರತಿ ಸ್ವರದ ಕೆಳಗೂ ಪೆನ್ಸಿಲ್‌ನಲ್ಲಿ ಅಕ್ಷರ ಬರೆದಿತ್ತು. ಸಿ, ಡಿ, ಈ, ಸಿ. ಒಂದೂ ಬಿಟ್ಟಿರಲಿಲ್ಲ. ಬೆರಳಿನ ನಂಬರಿಗೆಲ್ಲಾ ಕೆಂಪು ಸುತ್ತು. ಅವಳು ಸ್ವರಗಳನ್ನು ಓದಿರಲೇ ಇಲ್ಲ. ಪೆನ್ಸಿಲ್ ಅಕ್ಷರ ಓದಿ, ಟೀಚರ ಕೈ ನೋಡಿ, ಮೂರು ಪೀಸನ್ನು ಬಾಯಿಪಾಠ ಮಾಡಿದ್ದಳು. ಜಾಣೆ, ಕಿವಿಯೂ ಚುರುಕು. ಅದಕ್ಕೇ ಯಾರಿಗೂ ಗೊತ್ತಾಗಿರಲಿಲ್ಲ.

ಮುಂಬೈಯಲ್ಲಿ ಬೆಳೆಯುವ ನಮ್ಮ ಎಷ್ಟೋ ಮಕ್ಕಳು ಅಜ್ಜಿ ಹೇಳಿಕೊಟ್ಟ ಕನ್ನಡ ಪದ್ಯವನ್ನು ತಪ್ಪಿಲ್ಲದೆ ಹೇಳುತ್ತಾರೆ. ಊರಿಗೆ ಹೋದಾಗ ಬಸ್ಸಿನ ಬೋರ್ಡು ಓದಲು ಬರುವುದಿಲ್ಲ. ಅವರಿಗೆ ಕನ್ನಡ ಓದಲು ಬರುತ್ತೆ ಅಂತ ನಾವು ಯಾರೂ ಅನ್ನುವುದಿಲ್ಲ, ಅಲ್ವಾ? ಪಿಯಾನೋ ವಿಷಯದಲ್ಲಿ ಮಾತ್ರ ಸರ್ಟಿಫಿಕೇಟ್ ನೋಡಿದ ಕೂಡಲೇ ಮಗುವಿಗೆ ಎಲ್ಲ ಬರುತ್ತದೆಂದು ಒಪ್ಪಿಕೊಂಡುಬಿಡುತ್ತೇವೆ.

ಡಿಸ್ಟಿಂಕ್ಷನ್ ಸುಳ್ಳಾ ಅಂತ ಆ ಹುಡುಗಿಯ ಅಮ್ಮ ಕೇಳಿದರು. ಸುಳ್ಳಲ್ಲ. ಲೆಕ್ಕ ನೋಡಿ. ನಮ್ಮಲ್ಲಿ ಅನೇಕರು ಬರೆಯುವ, ಬ್ರಿಟನ್ನಿನ ಸಂಗೀತ ಪರೀಕ್ಷಾ ಸಂಸ್ಥೆ ಏಬಿಆರ್‌ಎಸ್‌ಎಂನ ಪ್ರಾಕ್ಟಿಕಲ್ ಪರೀಕ್ಷೆಗೆ ಒಟ್ಟು 150 ಅಂಕ. ಮೂರು ಪೀಸ್‌ಗೆ ತಲಾ 30ರಂತೆ 90. ಸ್ವರಶ್ರೇಣಿ ನುಡಿಸುವ ಸ್ಕೇಲ್ಸ್‌ಗೆ 21, ಎಂದೂ ನೋಡಿರದ ಸಾಲನ್ನು ಅಲ್ಲೇ ಓದಿ ನುಡಿಸುವ ಸೈಟ್ ರೀಡಿಂಗ್‌ಗೆ 21, ಕಿವಿಯ ಪರೀಕ್ಷೆಗೆ 18. ಒಟ್ಟು 100 ಬಂದರೆ ಪಾಸ್, 130ಕ್ಕೆ ಡಿಸ್ಟಿಂಕ್ಷನ್. ಪ್ರತಿ ಭಾಗದಲ್ಲೂ ಪಾಸಾಗಲೇಬೇಕು ಎಂಬ ನಿಯಮ ಇಲ್ಲ. ಪೀಸ್‌ಗಳಲ್ಲಿ 28ರಂತೆ 84, ಸ್ಕೇಲ್ಸ್‌ನಲ್ಲಿ 19, ಕಿವಿಯ ಪರೀಕ್ಷೆಯಲ್ಲಿ 17 ಬಂದರೆ 120 ಆಯಿತು. ಸೈಟ್ ರೀಡಿಂಗ್‌ನಲ್ಲಿ ಪಾಸಾಗಲು 14 ಬೇಕು. ಮಗು ಅಲ್ಲಿ 10 ತೆಗೆದು ನಪಾಸಾದರೂ ಒಟ್ಟು 130. ಡಿಸ್ಟಿಂಕ್ಷನ್! ಅವರದ್ದೇ, ವಿಡಿಯೋ ಕಳಿಸಿ ಬರೆಯುವ ಪರ್ಫಾರ್ಮೆನ್ಸ್ ಗ್ರೇಡ್‌ಗಳಲ್ಲಿ ಸೈಟ್ ರೀಡಿಂಗ್ ಇಲ್ಲವೇ ಇಲ್ಲ. ಟ್ರಿನಿಟಿ ಎಂಬ ಇನ್ನೊಂದು ಸಂಸ್ಥೆಯ ಪರೀಕ್ಷೆಯಲ್ಲಿ ಐದನೇ ಗ್ರೇಡಿನವರೆಗೆ ಅದನ್ನು ಬಿಟ್ಟು ಬೇರೆ ಟೆಸ್ಟ್ ಆರಿಸಿಕೊಳ್ಳಬಹುದು. ಇದರಲ್ಲಿ ಪರೀಕ್ಷೆಯವರ ತಪ್ಪೇನೂ ಇಲ್ಲ. ಅವರು ಎಲ್ಲವನ್ನೂ ಬಿಡಿಸಿ ಬರೆದು ಕೊಡುತ್ತಾರೆ. ನಾವು ಮಾರ್ಕ್ಸ್ ಶೀಟಿನ ಕೊನೆಯ ಸಾಲು ಮಾತ್ರ ನೋಡುತ್ತೇವೆ. ಟೀಚರ್ ಹುಡುಕುವವರು ಆ ಶೀಟಿನಲ್ಲಿ ಸೈಟ್ ರೀಡಿಂಗ್ ಎದುರಿಗಿನ ಅಂಕವನ್ನು ಮೊದಲು ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಯಾಕೆ ಇಷ್ಟು ಹಠ ಅಂತ ಕೇಳಬಹುದು. ಓದಲು ಬಾರದ ಮಗು ವರ್ಷವಿಡೀ ಅದೇ ಮೂರು ಪೀಸ್ ನುಡಿಸುತ್ತದೆ. ಬೇಸಿಗೆ ರಜೆಯಲ್ಲಿ ತನಗಿಷ್ಟವಾದ ಪುಸ್ತಕ ತೆರೆದು ಸುಮ್ನೆ ನುಡಿಸುವ ಸುಖ ಅದಕ್ಕಿಲ್ಲ. ಪೀಸ್ ಉದ್ದವಾದಷ್ಟೂ ಬಾಯಿಪಾಠದ ಭಾರ ಹೆಚ್ಚುತ್ತದೆ. ಏಬಿಆರ್‌ಎಸ್‌ಎಂನಲ್ಲಿ ಆರನೇ ಗ್ರೇಡಿಗೆ ಹೋಗಬೇಕಾದರೆ ಸಾಮಾನ್ಯವಾಗಿ ಐದನೇ ಗ್ರೇಡ್ ಥಿಯರಿ ಪಾಸಾಗಿರಬೇಕು. ಎಷ್ಟೋ ಮಕ್ಕಳಿಗೆ ಇದು ಎದುರಾಗುವುದು ಎಂಟು, ಒಂಬತ್ತನೇ ಕ್ಲಾಸಿನಲ್ಲಿ. ಸ್ವರ ಓದಲು ಬಾರದವರಿಗೆ ಥಿಯರಿ ಹೇಗೆ ಬರಬೇಕು? ಅಷ್ಟರಲ್ಲಿ ಹತ್ತನೇ ಕ್ಲಾಸಿನ ಕೋಚಿಂಗ್ ಶುರು. ಪಿಯಾನೋ ಮೇಲೆ ಇಸ್ತ್ರಿ ಬಟ್ಟೆ ಬಂದು ಕೂರುತ್ತದೆ. ಇದನ್ನು ನೋಡಿ ನೋಡಿ ನನಗೆ ಬೇಸರ ಬಂದಿದೆ. ಆ ಮಕ್ಕಳು ಸೋಮಾರಿಗಳಾಗಿರಲಿಲ್ಲ.

ಇನ್ನೊಂದು ಮಾತು ಗೊತ್ತಿರಲಿ. ಎಲ್ಲ ಗ್ರೇಡನ್ನೂ ಸಾಲಾಗಿ ಬರೆಯಬೇಕೆಂದೇನೂ ಇಲ್ಲ. ಒಂದಾದ ಮೇಲೆ ನೇರ ಮೂರಕ್ಕೆ ಕೂರಬಹುದು, ನಡುವೆ ಎರಡು ವರ್ಷ ಪರೀಕ್ಷೆಯೇ ಇಲ್ಲದೆ ಇರಬಹುದು. ಐದನೇ ಕ್ಲಾಸಿನ ಮಗುವಿಗೆ ಐದನೇ ಗ್ರೇಡ್ ಆಗಿರಬೇಕು ಅನ್ನುವುದು ನಮ್ಮ ಕಾಲೊನಿಗಳಲ್ಲಿ ಹುಟ್ಟಿದ ಲೆಕ್ಕ.

ಹಾಗಂತ ಕಿವಿಯಿಂದ ಕಲಿಯುವುದನ್ನು ನಾನು ಕೀಳು ಅನ್ನುತ್ತಿಲ್ಲ. ನಮ್ಮ ಸಂಗೀತವೆಲ್ಲಾ ಬಂದದ್ದು ಗುರುವಿನ ಬಾಯಿಂದ ಶಿಷ್ಯನ ಕಿವಿಗೆ. ಜಪಾನಿನ ಸುಜುಕಿ ಪದ್ಧತಿಯಲ್ಲೂ ಪುಟ್ಟ ಮಕ್ಕಳಿಗೆ ಮೊದಲು ಕಿವಿ, ಆಮೇಲೆ ಓದು. ಆದರೆ ಅಲ್ಲಿ ಓದನ್ನು ಕಲಿಸಿಯೇ ಕಲಿಸುತ್ತಾರೆ. ನಾಲ್ಕು, ಐದು ವರ್ಷದ ಮಗುವಿನ ಟೀಚರ್ ಇನ್ನೂ ಓದಿಸುತ್ತಿಲ್ಲ ಎಂದರೆ ಗಾಬರಿ ಬೇಡ. ಯಾವಾಗ ಶುರುಮಾಡುತ್ತೀರಿ ಅಂತ ಕೇಳಿ, ಸಾಕು. ಕೆಲವು ಮಕ್ಕಳಿಗೆ ಅಕ್ಷರ ಓದುವುದೇ ಕಷ್ಟವಿರುತ್ತದೆ. ಅವರ ದಾರಿ ಬೇರೆ, ಅದನ್ನು ಮಗುವನ್ನು ನೋಡದೆ ಹೇಳಲು ಬರುವುದಿಲ್ಲ.

ಓದು ಎಷ್ಟು ದೊಡ್ಡ ಆಸ್ತಿ ಅನ್ನುವುದಕ್ಕೆ ಈ ಊರಲ್ಲೇ ಸಾಕ್ಷಿ ಇದೆ. ಗೋವಾದ ಚರ್ಚ್ ಶಾಲೆಗಳಲ್ಲಿ ಹಿಂದೆ ಮಕ್ಕಳಿಗೆ ಸೋಲ್ಫಾ (ಡೋ, ರೇ, ಮಿ ಎಂದು ಸ್ವರ ಹಾಡುವುದು), ಪಿಟೀಲು, ಸ್ವರಲಿಪಿ ಒಟ್ಟಿಗೇ ಕಲಿಸುತ್ತಿದ್ದರು. ಅಲ್ಲಿಂದ ಮುಂಬೈಗೆ ಬಂದವರು ಹಿಂದಿ ಸಿನಿಮಾದ ಆರ್ಕೆಸ್ಟ್ರಾಗಳನ್ನು ಹೊತ್ತು ನಿಂತರು. ಮಾಜೋರ್ಡಾದ ಆಂಟನಿ ಗೊನ್ಸಾಲ್ವಿಸ್, ಶಂಕರ್ ಜೈಕಿಶನ್ ಜೊತೆಗಿದ್ದ ಸೆಬಾಸ್ಟಿಯನ್ ಡಿಸೋಜಾ ಅಂಥವರು ಅರೇಂಜರ್‌ಗಳು. ಸಂಗೀತ ನಿರ್ದೇಶಕರು ಹಾರ್ಮೋನಿಯಂ ಮೇಲೆ ಗುನುಗಿದ್ದನ್ನು ಹತ್ತಾರು ವಾದ್ಯಗಳಿಗೆ ಬೇರೆ ಬೇರೆಯಾಗಿ ಬರೆದು ಕೊಡುತ್ತಿದ್ದರು. ವಾದ್ಯದವರು ಸ್ಟುಡಿಯೋಗೆ ಬಂದು, ಎದುರಿಗಿಟ್ಟ ಹಾಳೆ ನೋಡಿ ನುಡಿಸುತ್ತಿದ್ದರು. ಓದು ಅವರಿಗೆ ಅನ್ನ ಕೊಟ್ಟಿತು.

ಇವತ್ತಿಗೂ ಟೀಚರ್ ಹುಡುಕುವಾಗ ನಾನು ಮೊದಲು ತೋರಿಸುವ ದಿಕ್ಕು ಅದೇ. ಬಾಂದ್ರಾ, ಮಾಹಿಮ್, ದಾದರ್‌ನ ಚರ್ಚ್‌ಗಳಲ್ಲಿ ಆರ್ಗನ್ ನುಡಿಸುವವರನ್ನು, ಕಾಯರ್ ಎಂಬ ಹಾಡುವ ತಂಡ ನಡೆಸುವವರನ್ನು ವಿಚಾರಿಸಿ. ವಾರವಾರ ಹೊಸ ಹಾಡು ಓದುವ ಜನ ಅವರು. ಧೋಬಿ ತಲಾವ್‌ನ ಫುರ್ಟಾಡೋಸ್ ಅಂಗಡಿ 1865ರಿಂದ ಇದೆ. ಪುಸ್ತಕ ಕೊಳ್ಳಲು ಹೋದಾಗ ಅಲ್ಲಿಯೂ ಕೇಳಬಹುದು. ಗೋವಾದಲ್ಲಿರುವವರು ಪಣಜಿಯ ಕಲಾ ಅಕಾಡೆಮಿಯ ಪಾಶ್ಚಾತ್ಯ ಸಂಗೀತ ವಿಭಾಗದಲ್ಲಿ ವಿಚಾರಿಸಲಿ. ಹೆಸರುವಾಸಿ ಟೀಚರ್ ಎಂದು ಮಗುವನ್ನು ಡೊಂಬಿವಲಿಯಿಂದ ಕೊಲಾಬಾಕ್ಕೆ ಲೋಕಲ್ ರೈಲಿನಲ್ಲಿ ಎಳೆದಾಡಬೇಡಿ. ಹತ್ತಿರದವರೇ ಮೇಲು.

ಟೀಚರನ್ನು ನೋಡಲು ಹೋದಾಗ ಅವರ ಪದವಿಗಳನ್ನು ಓದಿ ಬರಬೇಡಿ. ಅವರ ಬೇರೊಬ್ಬ ಶಿಷ್ಯನ ಕ್ಲಾಸಿನಲ್ಲಿ, ಒಪ್ಪಿಗೆ ಕೇಳಿ, ಅರ್ಧ ಗಂಟೆ ಕುಳಿತುಕೊಳ್ಳಿ. ನಿಮಗೆ ಸಂಗೀತ ಬರಬೇಕಿಲ್ಲ. ಮಗುವಿನ ಕಣ್ಣು ಎಲ್ಲಿದೆ ನೋಡಿ. ಪುಟದ ಮೇಲಿದೆಯೋ, ಟೀಚರ ಬೆರಳ ಮೇಲಿದೆಯೋ? ಪುಸ್ತಕದಲ್ಲಿ ಪೆನ್ಸಿಲ್ ಅಕ್ಷರ ಎಷ್ಟಿದೆ? ಕಷ್ಟದ ಒಂದೆರಡು ಸ್ವರಕ್ಕೆ ಇದ್ದರೆ ಸರಿ, ಪುಟ ತುಂಬ ಇದ್ದರೆ ಯೋಚಿಸಿ. ಕೀಲಿಗಳ ಮೇಲೆ ಸ್ಟಿಕರ್ ಅಂಟಿದೆಯೇ? ಮೊದಲ ಕೆಲವು ವಾರಕ್ಕೆ ಪರವಾಗಿಲ್ಲ, ಎರಡು ವರ್ಷವಾದರೂ ಇದ್ದರೆ ಅನುಮಾನ ಪಡಬೇಕು. ಆ ಅರ್ಧ ಗಂಟೆಯಲ್ಲಿ ಹೊಸದೊಂದು ಸಾಲನ್ನು, ನಾಲ್ಕೇ ಬಾರ್ ಆಗಲಿ, ಮಗು ತಾನೇ ಬಿಡಿಸಿಕೊಳ್ಳಲು ಟೀಚರ್ ಬಿಟ್ಟರೇ? ಮಗು ತಡವರಿಸಿದಾಗ ಸುಮ್ಮನಿದ್ದು ಕಾದರೇ, ಅಥವಾ ತಾವೇ ನುಡಿಸಿ ತೋರಿಸಿಬಿಟ್ಟರೇ? ಕಾಯುವ ಟೀಚರ್ ಸಿಕ್ಕರೆ ಬಿಡಬೇಡಿ. ಒಳಗೆ ಕೂರಲು ಕೆಲವರು ಒಪ್ಪುವುದಿಲ್ಲ. ಬೇರೆ ಮಕ್ಕಳ ಸಂಕೋಚದ ಪ್ರಶ್ನೆಯೂ ಇರುತ್ತದೆ, ಅಷ್ಟಕ್ಕೇ ಅವರನ್ನು ಕೆಟ್ಟವರೆನ್ನಲಾಗದು. ಆಗ ನಿಮ್ಮ ಮಗುವಿನ ಮೊದಲ ಎರಡು ಕ್ಲಾಸಿಗೆ ಜೊತೆಯಲ್ಲಿ ಕೂರುತ್ತೇನೆ ಎಂದು ಕೇಳಿ.

ದೊಡ್ಡವರಾಗಿ ಕಲಿಯಲು ಬರುವವರಿಗೂ ಇದೇ ಮಾತು. ಅವರಿಗೆ ಪರೀಕ್ಷೆಯ ಹುಚ್ಚು ಕಡಿಮೆ, ಅವಸರ ಜಾಸ್ತಿ. "ವಯಸ್ಸಾಯ್ತು, ಸ್ವರ ಓದುವುದೆಲ್ಲಾ ಬೇಡ, ಎರಡು ಹಾಡು ಕಲಿಸಿಬಿಡಿ" ಅನ್ನುತ್ತಾರೆ. ಎರಡು ಹಾಡು ಕಲಿಸಬಹುದು. ಮೂರನೆಯದಕ್ಕೆ ಮತ್ತೆ ನನ್ನ ಹತ್ತಿರವೇ ಬರಬೇಕು, ಅದು ನನಗೆ ಇಷ್ಟವಿಲ್ಲ. ಮಾಟುಂಗಾದಲ್ಲಿ ಹೋಟೆಲ್ ನಡೆಸುತ್ತಿದ್ದ ಉಡುಪಿ ಕಡೆಯವರೊಬ್ಬರು ಊಟದ ಗಿರಾಕಿಗಳು ಕರಗಿದ ಮೇಲೆ, ಸಂಜೆ ಚಹಾದ ಗದ್ದಲಕ್ಕೆ ಮೊದಲು, ನನ್ನಲ್ಲಿ ಬರುತ್ತಿದ್ದರು. ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸಿದ ಕೈ. ಬಲಗೈ ಓಡುತ್ತಿತ್ತು. ಎಡಗೈಗೆ ತಿದಿ ಒತ್ತಿ ಗೊತ್ತೇ ಹೊರತು ಸ್ವರ ಗೊತ್ತಿರಲಿಲ್ಲ. ಬಲಗೈಯ ಸ್ವರ ಕಿವಿಗೆ ಸಿಗುತ್ತಿತ್ತು, ಎಡಗೈಯ ಸಾಲನ್ನು ಓದದೆ ಗತಿ ಇರಲಿಲ್ಲ. ಎಡಗೈಗೆಂದು ಬರೆದ ಬಾಸ್ ಗೆರೆಗಳಲ್ಲಿ ಎಫ್ ಸ್ವರ ಎಲ್ಲಿದೆ, ನಡುವಿನ ಸಿ ಎಲ್ಲಿದೆ, ಅಲ್ಲಿಂದ ಮೇಲಕ್ಕೋ ಕೆಳಕ್ಕೋ ಎಂದು ದಿನಕ್ಕೊಂದೇ ಸಾಲು ಓದಿದರು. ಗಲ್ಲಾಪೆಟ್ಟಿಗೆಯ ಪಕ್ಕ ಪುಸ್ತಕ ಇಟ್ಟುಕೊಂಡು, ಗಿರಾಕಿ ಇಲ್ಲದಾಗ ಬೆರಳಲ್ಲಿ ಮೇಜು ತಟ್ಟುತ್ತಿದ್ದರಂತೆ. ಈಗ ಮೊಮ್ಮಗಳ ಪುಸ್ತಕದಿಂದ ತಮಗೆ ಬೇಕಾದ್ದನ್ನು ತಾವೇ ಆರಿಸಿ ನುಡಿಸುತ್ತಾರೆ. ಅಂಥವರನ್ನು ಕಂಡರೆ ನನಗೆ ತುಂಬಾ ಪ್ರೀತಿ.

ನಿಮ್ಮ ಮಗು ಈಗಾಗಲೇ ನಾಲ್ಕನೇ ಗ್ರೇಡಿನಲ್ಲಿದ್ದು ಓದು ಬರುತ್ತಿಲ್ಲ ಎಂದಾದರೆ, ಓಡಿಹೋಗಿ ಟೀಚರ್ ಬದಲಾಯಿಸಬೇಡಿ. ಇರುವವರ ಹತ್ತಿರ ಮೊದಲು ಮಾತಾಡಿ. ಎಷ್ಟೋ ಟೀಚರ್‌ಗಳು ನಮ್ಮ ಒತ್ತಾಯಕ್ಕೇ ಮೂರು ಪೀಸಿಗೆ ಕಟ್ಟುಬಿದ್ದಿರುತ್ತಾರೆ. "ಈ ವರ್ಷ ಪರೀಕ್ಷೆ ಬೇಡ, ಓದಿಸಿ" ಅಂದರೆ ಅವರಿಗೂ ಹಗುರವಾಗುತ್ತದೆ. ಪೀಸ್ ಪ್ರಾಕ್ಟೀಸ್‌ಗೆ ಮೊದಲು ದಿನಕ್ಕೆ ಹತ್ತು ನಿಮಿಷ, ಮಗು ಈಗಿರುವ ಮಟ್ಟಕ್ಕಿಂತ ಎರಡು, ಮೂರು ಗ್ರೇಡ್ ಕೆಳಗಿನ ಪುಸ್ತಕ. ಪ್ರತಿದಿನ ಹೊಸ ಪುಟ. ನಿಧಾನವಾಗಿ, ಎರಡೂ ಕೈ, ತಪ್ಪಿದರೂ ನಿಲ್ಲದೆ ಕೊನೆಯವರೆಗೆ. ಅದೇ ಪುಟವನ್ನು ಮರುದಿನ ನುಡಿಸಬಾರದು, ಇಲ್ಲದಿದ್ದರೆ ಅದೂ ಬಾಯಿಪಾಠವಾಗುತ್ತದೆ. ಪುಸ್ತಕ ಬೇಗ ಮುಗಿಯುತ್ತದೆ, ಹಳೆಯ ಪುಸ್ತಕಗಳನ್ನು ಕ್ಲಾಸಿನ ಮಕ್ಕಳು ತಮ್ಮತಮ್ಮಲ್ಲೇ ಬದಲಾಯಿಸಿಕೊಳ್ಳಲಿ. ನಾನು ನೋಡಿದ ಮಟ್ಟಿಗೆ ಬಹುತೇಕ ಮಕ್ಕಳಲ್ಲಿ ಕೆಲವು ತಿಂಗಳಲ್ಲಿ ವ್ಯತ್ಯಾಸ ಕಾಣುತ್ತದೆ, ಕೆಲವರಿಗೆ ವರ್ಷ ಹಿಡಿಯುತ್ತದೆ. ಮೊದಲ ತಿಂಗಳು ಮಗು ಅಳಬಹುದು, ಡಿಸ್ಟಿಂಕ್ಷನ್ ತೆಗೆದವಳಿಗೆ ಸಣ್ಣ ಮಕ್ಕಳ ಪುಸ್ತಕವೇ ಎಂದು ಮುನಿಸಿಕೊಳ್ಳಬಹುದು. ಆಗ ನೀವು ಪಕ್ಕದಲ್ಲಿ ಕೂತಿರಿ. ಪುಸ್ತಕದಲ್ಲಿ ಪೆನ್ಸಿಲ್ ಅಕ್ಷರ ಮಾತ್ರ ಬರೆದುಕೊಡಬೇಡಿ.