ಬೆಂಚಿನಿಂದ ಇಳಿಯುವ ವಿಂಗರ್‌ನ ಬೆಲೆ ಕಟ್ಟುವುದು ಹೇಗೆ?

ಬೆಂಗಳೂರಿನ ಅಕ್ಕಿತಿಮ್ಮನಹಳ್ಳಿಯ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಹಾಕಿ ಕ್ರೀಡಾಂಗಣದಲ್ಲಿ ಪಂದ್ಯ ಮುಗಿದ ಮೇಲೆ ಸ್ಕೋರ್ ಶೀಟಿನಲ್ಲಿ ಎದ್ದು ಕಾಣುವುದು ಗೋಲು ಹೊಡೆದವರ ಹೆಸರು. ಆಯ್ಕೆಯ ಮಾತು ಬಂದಾಗ ಮೊದಲು ಎಣಿಸುವುದೂ ಅದನ್ನೇ. ಬೆಂಚಿನಿಂದ ಇಳಿದು, ಐದಾರು ನಿಮಿಷ ಎದುರಾಳಿಯ ಉಸಿರು ಕಟ್ಟಿಸಿ ಹೊರಬರುವ ಎರಡನೇ ಸಾಲಿನ ವಿಂಗರ್‌ಗೆ (ಮೈದಾನದ ಅಂಚಿನಿಂದ ದಾಳಿ ಮಾಡುವ ಆಟಗಾರ) ಇದರಿಂದ ಆಗುವ ಅನ್ಯಾಯ ಸಣ್ಣದಲ್ಲ.

ಐವರು ಫಾರ್ವರ್ಡ್‌ಗಳ ಕಾಲದಲ್ಲಿ ಲೆಕ್ಕ ಸುಲಭವಿತ್ತು. ರೈಟ್ ಔಟ್, ಲೆಫ್ಟ್ ಔಟ್ ಗೆರೆ ಹಿಡಿದು ಓಡಬೇಕು, ಚೆಂಡನ್ನು ‘ಡಿ’ (ಗೋಲಿನ ಮುಂದಿನ ಅರ್ಧವೃತ್ತ) ಒಳಗೆ ಕೊಡಬೇಕು. 70 ನಿಮಿಷವೂ ಅವರದೇ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ಗೆ ಕೃತಕ ಟರ್ಫ್ ಬಂತು, ಭಾರತ ಏಳನೇ ಸ್ಥಾನಕ್ಕೆ ಕುಸಿಯಿತು. 1990ರ ದಶಕದಲ್ಲಿ ಆಟಗಾರರನ್ನು ಎಷ್ಟು ಸಲವಾದರೂ ಬದಲಿಸುವ ಅವಕಾಶ ಸಿಕ್ಕಿತು, ಆಫ್‌ಸೈಡ್ ನಿಯಮ ಹೋಯಿತು. 2014ರಿಂದ ಅಂತರರಾಷ್ಟ್ರೀಯ ಪಂದ್ಯಗಳು 15 ನಿಮಿಷಗಳ ನಾಲ್ಕು ಕ್ವಾರ್ಟರ್‌ಗೆ ಬಂದವು. ಹೀಗೆ ಓಟ ಹೆಚ್ಚಿತು, ಒಬ್ಬನೇ ಕೊನೆತನಕ ಅದೇ ವೇಗದಲ್ಲಿ ಓಡಲಾರದಾದ. ಬೆಂಚಿನ ಫಾರ್ವರ್ಡ್ ತಂಡಕ್ಕೆ ಅನಿವಾರ್ಯನಾದ.

ಆದರೆ ಅದೇ ಹೊತ್ತಿಗೆ ಗೋಲುಗಳು ಡ್ರ್ಯಾಗ್ ಫ್ಲಿಕ್ಕರ್ ಕಡೆ ಸರಿದವು; ‘ಡಿ’ ಒಳಗೆ ಡಿಫೆಂಡರ್ ತಪ್ಪಿದಾಗ ಸಿಗುವ ಪೆನಾಲ್ಟಿ ಕಾರ್ನರ್‌ನಲ್ಲಿ ಚೆಂಡನ್ನು ಸ್ಟಿಕ್ಕಿನಿಂದ ಎಳೆದು ಗೋಲಿಗೆ ಎಸೆಯುವವನು ಇವನು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತದ 15 ಗೋಲುಗಳಲ್ಲಿ 10 ಹರ್ಮನ್‌ಪ್ರೀತ್ ಸಿಂಗ್ ಅವರವು, ಎಲ್ಲವೂ ಪೆನಾಲ್ಟಿ ಕಾರ್ನರ್ ಅಥವಾ ಸ್ಟ್ರೋಕ್‌ನಿಂದ (ಗೋಲ್‌ಕೀಪರ್ ಒಬ್ಬನ ಎದುರಿನ ಹೊಡೆತ). ಆ ಕಾರ್ನರ್ ಗಳಿಸಿಕೊಟ್ಟವರು ಯಾರು ಎಂಬುದು ಗೋಲಿನ ಪಟ್ಟಿಯಲ್ಲಿ ಇರುವುದಿಲ್ಲ. ಕಾರ್ನರ್, ಸ್ಟ್ರೋಕ್ ಇಲ್ಲದೆ ಆಟದ ನಡುವೆ ಬರುವ ಫೀಲ್ಡ್ ಗೋಲಿಗೆ ಮಾನ ತರಲು ಹಾಕಿ ಇಂಡಿಯಾ ಲೀಗ್ 2016ರಲ್ಲಿ ಅದನ್ನು ಎರಡು ಗೋಲಾಗಿ ಎಣಿಸಿತು. ಪ್ರಯತ್ನ ಒಳ್ಳೆಯದೇ, ಆದರೆ ಅದೂ ಕೊನೆಯ ಹೊಡೆತವನ್ನಷ್ಟೇ ನೋಡಿತು.

ಕಾರ್ನರ್ ಹುಟ್ಟುವ ಕ್ಷಣ ಗಮನಿಸಿ. ರೈಟ್ ವಿಂಗರ್ ಬ್ಯಾಕ್‌ಲೈನ್ (ಗೋಲು ಇರುವ ಕೊನೆಯ ಗೆರೆ) ಪಕ್ಕದಲ್ಲೇ ‘ಡಿ’ ಒಳಗೆ ನುಗ್ಗುತ್ತಾನೆ. ತಲೆ ಎತ್ತಿ ನೋಡಿದರೆ ಕ್ರಾಸ್‌ಗೆ ದಾರಿ ಇಲ್ಲ. ಡಿಫೆಂಡರ್ ಹೆಜ್ಜೆ ಬದಲಿಸುವ ಹೊತ್ತಿಗೆ ಸರಿಯಾಗಿ ಚೆಂಡನ್ನು ಅವನ ಕಾಲಿಗೆ ತಳ್ಳುತ್ತಾನೆ. ಚೆಂಡು ಕಾಲಿಗೆ ತಾಗಿದರೆ ತಪ್ಪು; ವಿಸಿಲ್, ಕಾರ್ನರ್. ಇದು ಅದೃಷ್ಟವಲ್ಲ, ಕಲಿತ ವಿದ್ಯೆ. ಕಲಿಯದವನು ಅದೇ ಜಾಗದಲ್ಲಿ ಕುರುಡಾಗಿ ಹೊಡೆದು ಎದುರಾಳಿಗೆ 15 ಮೀಟರ್ ಹಿಟ್ (ಚೆಂಡು ಗೆರೆ ದಾಟಿದಾಗ ಅವರಿಗೆ ಸಿಗುವ ಹೊಡೆತ) ಕೊಟ್ಟುಬಿಡುತ್ತಾನೆ.

ಎಡ-ಬಲವನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ದೊಡ್ಡ ತಪ್ಪು. ಹಾಕಿಯಲ್ಲಿ ಎಡಗೈ ಸ್ಟಿಕ್ ಇಲ್ಲ. ರೈಟ್ ವಿಂಗರ್ ಹೊರಗಿನಿಂದ ಹಾದರೆ ಡಿಫೆಂಡರ್‌ಗೆ ರಿವರ್ಸ್ ಸ್ಟಿಕ್ಕೇ (ಸ್ಟಿಕ್ ತಿರುಗಿಸಿ ಎಡಬದಿಯಲ್ಲಿ ಆಡುವುದು) ಗತಿ. ಕ್ರಾಸ್ ಕೂಡ ಸಲೀಸು. ಲೆಫ್ಟ್ ವಿಂಗರ್ ಹೊರಗೆ ಓಡಿದರೆ ಎದುರಾಳಿಯ ತೆರೆದ (ಬಲಬದಿಯ) ಸ್ಟಿಕ್ಕಿಗೇ ಸಿಗುತ್ತಾನೆ. ಅವನು ಒಳಗೆ ತಿರುಗಬೇಕು, ಇಲ್ಲವೇ ರಿವರ್ಸ್ ಹಿಟ್ ಬಲವಾಗಿರಬೇಕು. ಹಾಗಾಗಿ ಲೆಫ್ಟ್ ವಿಂಗರ್‌ನ ಕ್ರಾಸ್ ಕಡಿಮೆಯಾದರೆ ಅವನನ್ನು ದೂರಬೇಡಿ.

ಚೆಂಡಿಲ್ಲದ ಓಟವೂ ಲೆಕ್ಕಕ್ಕೆ ಬರಬೇಕು. ಭಾರತದ ಮಾಜಿ ಫಾರ್ವರ್ಡ್, ಸೋಮವಾರಪೇಟೆಯ ಎಸ್.ವಿ. ಸುನಿಲ್ ಅವರಂಥ ವೇಗಿ ಬಲಗಡೆ ಇದ್ದರೆ ಎದುರು ಬ್ಯಾಕ್ ಹಿಂದೆಯೇ ನಿಲ್ಲಬೇಕಾಗುತ್ತದೆ, ನಮ್ಮ ಮಿಡ್‌ಫೀಲ್ಡರ್‌ಗೆ ಜಾಗ ತಾನಾಗಿ ತೆರೆಯುತ್ತದೆ.

ಲೆಕ್ಕ ಇಡಲು ವಿಡಿಯೊ ಮತ್ತು ಒಂದು ನೋಟ್‌ಬುಕ್ ಸಾಕು. ಇಳಿದ ಸಮಯ, ಹೊರಬಂದ ಸಮಯ ಬರೆಯಿರಿ. ಆ ನಡುವೆ ಚೆಂಡಿನೊಂದಿಗೆ ‘ಡಿ’ ಪ್ರವೇಶ ಎಷ್ಟು, ಗಳಿಸಿದ ಕಾರ್ನರ್ ಎಷ್ಟು, ಎದುರಾಳಿಯ 23 ಮೀಟರ್ ಗೆರೆಯ ಒಳಗೆ ಕಸಿದ ಚೆಂಡು ಎಷ್ಟು, ಕಳೆದುಕೊಂಡದ್ದು ಎಷ್ಟು, ಕಳೆದುಕೊಂಡ ಮೇಲೆ ಹಿಂದೆ ಓಡಿದನೇ? ಎಲ್ಲವನ್ನೂ 15 ನಿಮಿಷಕ್ಕೆ ಇಷ್ಟು ಎಂದು ಭಾಗಿಸಿ. 40 ನಿಮಿಷ ಆಡಿದವನ ಮೂರು ಕಾರ್ನರ್‌ಗಿಂತ 20 ನಿಮಿಷ ಆಡಿದವನ ಎರಡು ಹೆಚ್ಚು ಬೆಲೆಯವು. ಆದರೆ ಇವನು ಇಳಿಯುವುದು ಎದುರಾಳಿ ದಣಿದ ಮೇಲೋ ಎಂದು ನೋಡಿಯೇ ಹಾಗೆ ಹೇಳಬೇಕು.

ಎದುರಾಳಿ ಯಾರೆಂಬುದನ್ನೂ ಪಕ್ಕದಲ್ಲೇ ಬರೆಯಿರಿ. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತ ಉಜ್ಬೇಕಿಸ್ತಾನವನ್ನು 16-0, ಸಿಂಗಪುರವನ್ನು 16-1ರಿಂದ ಸೋಲಿಸಿತು; ಅಂಥ ಪಂದ್ಯದ ಅಂಕಿಗಳನ್ನು ಬೇರೆಯೇ ಪುಟದಲ್ಲಿಡಬೇಕು. ಎರಡು-ಮೂರು ಪಂದ್ಯ ನೋಡಿ ತೀರ್ಪು ಕೊಡಲಾಗದು. ಕಾರ್ನರ್‌ಗಳು ಒಂದು ದಿನ ಸಾಲಾಗಿ ಬರುತ್ತವೆ, ಮುಂದಿನ ಪಂದ್ಯದಲ್ಲಿ ಒಂದೂ ಇರುವುದಿಲ್ಲ. ‘ಡಿ’ ಪ್ರವೇಶ ಅಷ್ಟು ಏರುಪೇರಾಗದು. ಲೀಗಿನ ಮೊದಲರ್ಧದಲ್ಲಿ ನಂಬಬೇಕಾದ್ದು ಅದನ್ನೇ.