ವಾಲ್ ಇಂಟರ್‌ಫಿಯರೆನ್ಸ್: ವಿಂಡ್ ಟನಲ್‌ನ ಗೋಡೆ ಲೆಕ್ಕ ಬದಲಿಸುವುದು ಹೇಗೆ?

ಆಕಾಶದಲ್ಲಿ ವಿಮಾನದ ಸುತ್ತ ಗೋಡೆ ಇಲ್ಲ. ವಿಂಡ್ ಟನಲ್‌ನಲ್ಲಿ, ಅಂದರೆ ಮಾಡೆಲ್ ಮೇಲೆ ಗಾಳಿ ಹಾಯಿಸಿ ಪರೀಕ್ಷಿಸುವ ಸುರಂಗದಲ್ಲಿ, ಇದೆ. ಹಾಗಾಗಿ ಅಲ್ಲಿ ಮಾಡೆಲ್ ಇಟ್ಟು ಅಳೆದ ಅಂಕಿ, ಬಯಲಿನ ಗಾಳಿಯಲ್ಲಿ ಬರಬೇಕಾದ ಅಂಕಿಗಿಂತ ಸ್ವಲ್ಪ ಬೇರೆಯೇ ಇರುತ್ತದೆ. ಈ ವ್ಯತ್ಯಾಸ ತರುವ ಗೋಡೆಯ ಪ್ರಭಾವವೇ ವಾಲ್ ಇಂಟರ್‌ಫಿಯರೆನ್ಸ್. ಮೀಟರ್ ಸರಿಯಾಗಿಯೇ ಇದೆ, ಓದಿದವರೂ ಸರಿಯಾಗಿಯೇ ಓದಿದ್ದಾರೆ. ಆ ಅಂಕಿ ಆ ಟನಲ್ ಮಟ್ಟಿಗೆ ನಿಜ, ಅಷ್ಟೇ.

ಮಂಡ್ಯ ಕಡೆಯವರು ವಿ.ಸಿ. ನಾಲೆಯ ಸೇತುವೆ ಕೆಳಗೆ ನೋಡಿರುತ್ತೀರಿ. ಕಂಬಗಳ ನಡುವೆ ನೀರು ರಭಸವಾಗಿ ನುಗ್ಗುತ್ತದೆ. ಹರಿಯುವ ನೀರು ಅಷ್ಟೇ, ಜಾಗ ಕಮ್ಮಿ. ಟನಲ್‌ನೊಳಗೆ ಮಾಡೆಲ್ ಇಟ್ಟಾಗಲೂ ಇದೇ ಆಗುವುದು. ಇದಕ್ಕೆ ಬ್ಲಾಕೇಜ್ ಅನ್ನುತ್ತಾರೆ. ಮಾಡೆಲ್ ಹಿಂದಿನ ಮಂದ ಗಾಳಿಯೂ ಜಾಗ ಹಿಡಿಯುವುದರಿಂದ ಪಕ್ಕದ ಗಾಳಿ ಇನ್ನಷ್ಟು ಓಡಬೇಕಾಗುತ್ತದೆ.

ಮೈಸೂರಿನ ಒಂದು ಕಾಲೇಜ್ ಲ್ಯಾಬ್‌ನಲ್ಲಿ ಅಗಲ, ಎತ್ತರ ತಲಾ 60 ಸೆಂ.ಮೀ. ಇರುವ ಟೆಸ್ಟ್ ಸೆಕ್ಷನ್ (ಟನಲ್‌ನಲ್ಲಿ ಮಾಡೆಲ್ ಇಡುವ ಭಾಗ) ಇದೆ ಅಂದುಕೊಳ್ಳಿ. ಅದರ ವಿಸ್ತೀರ್ಣ 3600 ಚದರ ಸೆಂ.ಮೀ. ಮಾಡೆಲ್‌ನ ಎದುರು ಭಾಗ 180 ಇದ್ದರೆ ಶೇ 5 ಜಾಗ ಮುಚ್ಚಿತು. ಅದರ ಕಾಲು ಭಾಗದಷ್ಟು ವೇಗ ಏರುತ್ತದೆ ಅನ್ನುವುದು ಹಳೆಯ ಅಂದಾಜು ಸೂತ್ರ, ಅಂದರೆ ಶೇ 1.25. ಸಣ್ಣದು ಅನ್ನಿಸುತ್ತದೆ ಅಲ್ವಾ? ಆದರೆ ಡ್ರ್ಯಾಗ್ (ಗಾಳಿ ಹಿಂದಕ್ಕೆ ಎಳೆಯುವ ಬಲ) ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅಲ್ಲಿ ವ್ಯತ್ಯಾಸ ಶೇ 2.5. ಅದೇ ಸೆಕ್ಷನ್‌ಗೆ 10 ಸೆಂ.ಮೀ. ದಪ್ಪದ ಸಿಲಿಂಡರನ್ನು ಅಡ್ಡಲಾಗಿ ಗೋಡೆಯಿಂದ ಗೋಡೆಗೆ ಇಟ್ಟರೆ ಆರರಲ್ಲಿ ಒಂದು ಭಾಗ ಮುಚ್ಚಿಯೇ ಹೋಯಿತು, ಅದೇ ಅಂದಾಜು ಸೂತ್ರದಲ್ಲೇ ಡ್ರ್ಯಾಗ್ ಸುಮಾರು ಶೇ 8 ಜಾಸ್ತಿ ಬರುತ್ತದೆ. ವಿದ್ಯಾರ್ಥಿಗಳು ಪುಸ್ತಕದ ಅಂಕಿ ಬರಲಿಲ್ಲ ಅಂತ ಸುಮ್ನೆ ತಲೆ ಕೆಡಿಸಿಕೊಳ್ಳುತ್ತಾರೆ. ಮೊದಲು ಬ್ಲಾಕೇಜ್ ಲೆಕ್ಕ ಹಾಕಿ ನೋಡಿ.

ಲಿಫ್ಟ್, ಅಂದರೆ ರೆಕ್ಕೆಯನ್ನು ಮೇಲಕ್ಕೆತ್ತುವ ಬಲದ ಕಥೆ ಬೇರೆ. ರೆಕ್ಕೆ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ, ಟನಲ್‌ನ ನೆಲ ಮತ್ತು ಚಾವಣಿ ಅದನ್ನು ತಡೆಯುತ್ತವೆ. ಹಾಗಾಗಿ ಅದೇ ಕೋನದಲ್ಲಿ ಲಿಫ್ಟ್ ಜಾಸ್ತಿ ಕಾಣುತ್ತದೆ. ಗೋಡೆಯೇ ಇಲ್ಲದ ಓಪನ್ ಜೆಟ್ ಟನಲ್‌ನಲ್ಲಿ ಇದು ತಿರುಗುಮುರುಗು.

ಶಬ್ದದ ವೇಗದ ಹತ್ತಿರ ಬಂದರೆ ಸಮಸ್ಯೆ ಗಂಭೀರ. ಮಾಡೆಲ್ ಮತ್ತು ಗೋಡೆ ನಡುವಿನ ಸಂದಿಯಲ್ಲಿ ಗಾಳಿ ಚೋಕ್ ಆಗುತ್ತದೆ, ಅಂದರೆ ಟನಲ್‌ನ ಫ್ಯಾನ್‌ಗೆ ಎಷ್ಟು ಪವರ್ ಕೊಟ್ಟರೂ ಮಾಡೆಲ್ ಮುಂದಿನ ಗಾಳಿಯ ವೇಗ ಏರುವುದಿಲ್ಲ. ಅಮೆರಿಕದ ಲ್ಯಾಂಗ್ಲಿ ವೈಮಾನಿಕ ಸಂಶೋಧನಾ ಕೇಂದ್ರದಲ್ಲಿ ಜಾನ್ ಸ್ಟ್ಯಾಕ್ ತಂಡ ಗೋಡೆಗೆ ಉದ್ದುದ್ದ ಸೀಳು ಬಿಟ್ಟು ಇದನ್ನು ಬಿಡಿಸಿತು. ವಿಮಾನಯಾನ ಸಾಧನೆಗೆ ಕೊಡುವ ಕಾಲಿಯರ್ ಟ್ರೋಫಿ 1951ರಲ್ಲಿ ಈ ಕೆಲಸಕ್ಕೇ ಸಿಕ್ಕಿತು. ಗೋಡೆಯ ಸಮಸ್ಯೆಗೆ ಗೋಡೆಯಲ್ಲೇ ಉತ್ತರ ಹುಡುಕಿದ ಇವರ ಬುದ್ಧಿವಂತಿಕೆ ನನಗೆ ಇವತ್ತಿಗೂ ಬಹಳ ಇಷ್ಟ.

ಎಂಜಿನ್ ವಿಷಯಕ್ಕೆ ಬಂದರೆ ಗೋಡೆ ಎರಡೂ ಕಡೆ ಎಳೆಯುತ್ತದೆ: ಥ್ರಸ್ಟ್ (ಮುಂದೂಡುವ ಬಲ) ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಮ್ಮಿ ಕಾಣುತ್ತದೆ. ಮುಚ್ಚಿದ ಟನಲ್‌ನಲ್ಲಿ ಪ್ರೊಪೆಲ್ಲರ್ ತಿರುಗಿದಾಗ ಅದರ ಹಿಂದಿನ ಗಾಳಿ ಜೋರಾಗಿ ಓಡುತ್ತದೆ, ಒಟ್ಟು ಹರಿವು ಅಷ್ಟೇ ಆದ್ದರಿಂದ ಸುತ್ತಲಿನ ಗಾಳಿ ನಿಧಾನವಾಗುತ್ತದೆ, ಕೊನೆಗೆ ಪ್ರೊಪೆಲ್ಲರ್ ಬಯಲಿನಲ್ಲಿ ಕೊಡುವುದಕ್ಕಿಂತ ಜಾಸ್ತಿ ಥ್ರಸ್ಟ್ ತೋರಿಸುತ್ತದೆ. ತಿದ್ದದೆ ಬಿಟ್ಟರೆ ದಕ್ಷತೆಯೂ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಇದರ ಕರೆಕ್ಷನ್ ಸೂತ್ರ ಕೊಟ್ಟವರು ಬ್ರಿಟನ್ನಿನ ಹರ್ಮನ್ ಗ್ಲೌರ್ಟ್. ಟನಲ್ ವೇಗದ ಬದಲು, ಬಯಲಿನಲ್ಲಿ ಅದೇ ಥ್ರಸ್ಟ್ ಬರುವ ಕಮ್ಮಿ ವೇಗವನ್ನು ಕಂಡುಹಿಡಿದು ಲೆಕ್ಕಕ್ಕೆ ಹಾಕುವುದು ಅವರ ದಾರಿ.

ಜೆಟ್ ಎಂಜಿನ್ನನ್ನು ಟೆಸ್ಟ್ ಸೆಲ್‌ನಲ್ಲಿ (ಎಂಜಿನ್ ಪರೀಕ್ಷಿಸುವ ಮುಚ್ಚಿದ ಕೋಣೆ) ಓಡಿಸಿದರೆ ಉಲ್ಟಾ. ಎಂಜಿನ್‌ನಿಂದ ಹೊರಬರುವ ಜೆಟ್ ಸೆಲ್‌ನ ಗಾಳಿಯನ್ನೂ ತನ್ನ ಜೊತೆ ಎಳೆದುಕೊಂಡು ಹೋಗುತ್ತದೆ, ನಿಂತಲ್ಲೇ ನಿಂತ ಎಂಜಿನ್‌ಗೆ ಎದುರುಗಾಳಿ ಬೀಸಿದಂತಾಗಿ ಬಲ ಅಳೆಯುವ ಸಾಧನದಲ್ಲಿ ಥ್ರಸ್ಟ್ ಕಮ್ಮಿ ಬೀಳುತ್ತದೆ. ಅದಕ್ಕೇ ಒಂದು ಎಂಜಿನ್ನನ್ನು ಬಯಲಿನ ಸ್ಟ್ಯಾಂಡ್‌ನಲ್ಲೂ ಸೆಲ್‌ನಲ್ಲೂ ಓಡಿಸಿ ಹೋಲಿಸಿ ನೋಡುತ್ತಾರೆ. ಆ ವ್ಯತ್ಯಾಸವೇ ಆ ಸೆಲ್‌ನ ಕರೆಕ್ಷನ್. ಎಂಜಿನ್ ಮಾದರಿ ಬದಲಾದರೆ, ಅಥವಾ ಹಿಂದಿನ ಎಕ್ಸಾಸ್ಟ್ ಕೊಳವೆಯ ದೂರ ಬದಲಾದರೂ, ಇನ್ನೊಮ್ಮೆ ಅಳೆಯಬೇಕು.