ಹೈಟೆನ್ಷನ್ ಲೈನ್ ಪಕ್ಕದ ಸೈಟು

ಹೈಟೆನ್ಷನ್ ಲೈನ್ ಪಕ್ಕದಲ್ಲಿ ಸೈಟು ನೋಡಲು ಹೊರಟರೆ "ಅಲ್ಲಿ ಬೇಡ, ಕ್ಯಾನ್ಸರ್ ಬರುತ್ತಂತೆ" ಎಂದು ಯಾರಾದರೂ ಹೇಳೇ ಹೇಳುತ್ತಾರೆ. ಇದು ಬರೀ ಗಾಳಿಮಾತಲ್ಲ. 1979ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ನ್ಯಾನ್ಸಿ ವರ್ದೈಮರ್ ಮತ್ತು ಎಡ್ ಲೀಪರ್ ಎಂಬ ಸಂಶೋಧಕರು, ಕ್ಯಾನ್ಸರಿನಿಂದ ತೀರಿಕೊಂಡ ಮಕ್ಕಳು ವಾಸವಿದ್ದ ಮನೆಗಳ ಹೊರಗಿನ ತಂತಿಗಳನ್ನು ಪರಿಶೀಲಿಸಿದರು. ಅವು ದೊಡ್ಡ ಟವರ್‌ಗಳ ತಂತಿಗಳೇ ಅಲ್ಲ, ಹೆಚ್ಚಾಗಿ ಬೀದಿಕಂಬದವು. ದಪ್ಪ ತಂತಿ ಹತ್ತಿರ ಹಾದುಹೋಗಿದ್ದ ಮನೆಗಳು ಆ ಪಟ್ಟಿಯಲ್ಲಿ ಹೆಚ್ಚಿದ್ದವು.

ಆಮೇಲೆ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2000ದಲ್ಲಿ ಲೆಕ್ಕ ಹಾಕಿದರು. ಕರೆಂಟ್ ಹರಿಯುವ ತಂತಿಯ ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ, ಅದನ್ನು ಮೈಕ್ರೊಟೆಸ್ಲಾದಲ್ಲಿ ಅಳೆಯುತ್ತಾರೆ. ಅದು ಸರಾಸರಿ 0.4 ಮೈಕ್ರೊಟೆಸ್ಲಾ ದಾಟಿದ ಮನೆಗಳಲ್ಲಿ ಮಕ್ಕಳ ರಕ್ತಕ್ಯಾನ್ಸರ್ ಸುಮಾರು ಇಮ್ಮಡಿ ಕಂಡಿತು. ಆದರೆ ಅಂಥ ಮನೆಯ ಮಕ್ಕಳು ನೂರಕ್ಕೆ ಒಬ್ಬರೂ ಇರಲಿಲ್ಲ. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇಂಥ ಕಾಂತಕ್ಷೇತ್ರವನ್ನು '2ಬಿ' ಗುಂಪಿಗೆ, ಅಂದರೆ 'ಕ್ಯಾನ್ಸರ್ ತರಬಹುದೇನೋ' ಎಂಬ ಗುಂಪಿಗೆ ಸೇರಿಸಿತು. ಲೋಳೆಸರದ ಇಡೀ ಎಲೆಯ ಸಾರವೂ ಈಗ ಅದೇ ಗುಂಪಿನಲ್ಲಿದೆ!

ಲೈನ್ ಕೆಳಗೆ ಟ್ಯೂಬ್‌ಲೈಟ್ ಹಿಡಿದರೆ ಮಿಣುಕುವುದನ್ನು ನೋಡಿ ಹೆದರುವವರಿದ್ದಾರೆ. ಅದು ವಿದ್ಯುತ್ ಕ್ಷೇತ್ರದ ಕೆಲಸ. ಮನೆಯ ಗೋಡೆ ಅದನ್ನು ಬಹುಮಟ್ಟಿಗೆ ತಡೆಯುತ್ತದೆ. ಕಾಂತಕ್ಷೇತ್ರ ಗೋಡೆಗೆ ಜಗ್ಗುವುದಿಲ್ಲ, ದೂರ ಹೋದಂತೆ ಮಾತ್ರ ಬೇಗ ಕುಗ್ಗುತ್ತದೆ. ನಮ್ಮ ಕಡೆ ಭೂಮಿಯ ಕಾಂತಕ್ಷೇತ್ರವೇ ಸುಮಾರು 40 ಮೈಕ್ರೊಟೆಸ್ಲಾ. ಅದು ಸ್ಥಿರ, ಲೈನಿನದು ಸೆಕೆಂಡಿಗೆ 50 ಸಲ ತೂಗಾಡುವಂಥದ್ದು, ಹಾಗಾಗಿ ಹೋಲಿಕೆ ಪೂರ್ತಿ ಸರಿಯಲ್ಲ. ಆದರೂ ಇಷ್ಟು ನಿಧಾನದ ತೂಗಾಟಕ್ಕೆ ಡಿಎನ್‌ಎಯ ಬಂಧ ಮುರಿಯುವ ಶಕ್ತಿ ಇಲ್ಲ.

ತಪ್ಪು ತಂತಿಯದೇ ಹೌದೋ ಅಲ್ಲವೋ ಎಂಬುದಕ್ಕೆ ನನ್ನ ಮಟ್ಟಿಗೆ ಗಟ್ಟಿ ಸುಳಿವು ಸಿಕ್ಕಿದ್ದು ಬ್ರಿಟನ್ನಿನಿಂದ. ಲೈನಿನಿಂದ 200 ಮೀಟರ್ ಒಳಗೆ ಹುಟ್ಟಿದ ಮಕ್ಕಳಲ್ಲಿ ರಕ್ತಕ್ಯಾನ್ಸರ್ ಸುಮಾರು ಶೇ. 70ರಷ್ಟು ಹೆಚ್ಚು ಎಂದು 2005ರ ಅಧ್ಯಯನ ಹೇಳಿತ್ತು. ವಿಚಿತ್ರವೆಂದರೆ 200ರಿಂದ 600 ಮೀಟರ್ ದೂರದಲ್ಲೂ ಅಪಾಯ ತುಸು ಹೆಚ್ಚೇ ಕಂಡಿತು. ಅಷ್ಟು ದೂರದಲ್ಲಿ ಲೈನಿನ ಕಾಂತಕ್ಷೇತ್ರ ಲೆಕ್ಕಕ್ಕೇ ಬಾರದಷ್ಟು. 2014ರಲ್ಲಿ ದಶಕವಾರು ಬಿಡಿಸಿ ನೋಡಿದಾಗ ಅಪಾಯ ಕಂಡದ್ದು 1960, 70ರ ದಶಕಗಳಲ್ಲಿ. 80ರ ದಶಕದಿಂದೀಚೆಗೆ ಅದು ಮಾಯ. ತಂತಿಗಳು ಮಾತ್ರ ಅಲ್ಲೇ ಇದ್ದವು, ಕರೆಂಟೂ ಹರಿಯುತ್ತಲೇ ಇತ್ತು. ಬಹುಶಃ ಬದಲಾದದ್ದು ಅಲ್ಲಿ ವಾಸಿಸುವ ಜನ, ಅವರ ಬದುಕಿನ ಸ್ಥಿತಿಗತಿ.

ಹಾಗೆಂದು ಆ ಸೈಟು ಕೊಳ್ಳಿ ಎನ್ನಲಾರೆ. ತಾರಸಿಯ ಮೇಲೆ 66 ಕಿಲೊವೋಲ್ಟ್ ತಂತಿ ಹಾದಿರುವಲ್ಲಿ ಗಾರೆಯವನು ಕಬ್ಬಿಣದ ಸರಳು ಎತ್ತಿದರೆ, ಅದು ತಂತಿಗೆ ತಾಗಲೇಬೇಕೆಂದಿಲ್ಲ. ತೀರ ಹತ್ತಿರ ಹೋದರೆ ಸಾಕು, ಕರೆಂಟ್ ಹಾರಿ ಬರುತ್ತದೆ.